ಸದ್ದು ಕೇಳಿ ವಿಮಾನ ಗುರುತಿಸುವ ಊರು

ವಾಸ್ಕೋ ಪಟ್ಟಣದ ಪಶ್ಚಿಮ ಅಂಚಿನಲ್ಲಿ, ಕಡಲಿಗೆ ಅಂಟಿಕೊಂಡಿರುವ ಬಾಯ್ನಾದಲ್ಲಿ ಕನ್ನಡ ಮಾತು ಕಿವಿಗೆ ಬೀಳದ ಓಣಿ ಅಪರೂಪ. ಮುರಗಾಂವ ಬಂದರಿನ ದುಡಿಮೆಗಾಗಿ ಉತ್ತರ ಕರ್ನಾಟಕದ ಜನ ಇಲ್ಲಿಗೆ ಬಂದರು. ಅವರ ಬೆನ್ನಿಗೇ ಕಿರಾಣಿ, ಬಟ್ಟೆ, ಪಾತ್ರೆಯ ವ್ಯಾಪಾರ ಹಿಡಿದು ನಮ್ಮಂಥ ಕುಟುಂಬಗಳೂ ಬಂದವು. ಊರಿನಿಂದ ಬರುವ ನೆಂಟರು ಮೊದಲ ದಿನ ಬೆರಗಾಗುವುದು ಸಮುದ್ರ ನೋಡಿ ಅಲ್ಲ. "ವಿಮಾನ ಇಷ್ಟು ಕೆಳಗೆ ಹಾರುತ್ತದಲ್ಲ, ನಿಮಗೆ ಭಯವಾಗುವುದಿಲ್ಲವೇ?" ಎಂದೇ ಎಲ್ಲರೂ ಕೇಳುತ್ತಾರೆ.

ಭಯವೇನೂ ಇಲ್ಲ. ಆದರೆ ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಸದ್ದು ದಾಟಿದ ಮೇಲೆ ಮುಂದುವರಿಸುವ ಅಭ್ಯಾಸ ನಮಗೆಲ್ಲ ಆಗಿಬಿಟ್ಟಿದೆ. ಗಿರಾಕಿ ಬೆಲೆ ಕೇಳಿದರೆ ಬೆರಳು ಮಡಚಿ ಉತ್ತರ ಕೊಡುತ್ತೇವೆ.

ಕೆಳಗೆ ಹಾರುವುದೇಕೆ?

ದಾಬೋಲಿ ವಿಮಾನ ನಿಲ್ದಾಣ ಕಡಲಿನಿಂದ ಸುಮಾರು 56 ಮೀಟರ್ ಎತ್ತರದ ಬಯಲಿನ ಮೇಲಿದೆ. ಅದರ ರನ್‌ವೇ ಪೂರ್ವ-ಪಶ್ಚಿಮವಾಗಿ ಚಾಚಿದೆ. ಪಶ್ಚಿಮದ ತುದಿ ನಮ್ಮ ಬಾಯ್ನಾದ ಕಡೆಗೆ. ಪ್ರಯಾಣಿಕ ವಿಮಾನಗಳು ಸಾಮಾನ್ಯವಾಗಿ ಮೂರು ಡಿಗ್ರಿ ಇಳಿಜಾರಿನಲ್ಲಿ ಇಳಿಯುತ್ತವೆ. ಲೆಕ್ಕ ಹಾಕಿದರೆ, ನೆಲ ಮುಟ್ಟುವ ಜಾಗ ಇನ್ನೂ ಒಂದು ಕಿಲೋಮೀಟರ್ ಇರುವಾಗ ವಿಮಾನ ರನ್‌ವೇಗಿಂತ ಸುಮಾರು 52 ಮೀಟರ್ ಮಾತ್ರ ಮೇಲಿರುತ್ತದೆ. ವಿಮಾನಗಳು ಗಾಳಿಗೆ ಎದುರಾಗಿ ಏರುತ್ತವೆ, ಗಾಳಿಗೆ ಎದುರಾಗಿಯೇ ಇಳಿಯುತ್ತವೆ. ಆದ್ದರಿಂದ ಕಡಲ ಗಾಳಿ ಬೀಸುವಾಗ ಏರುವ ವಿಮಾನದ ಗರ್ಜನೆ ನಮ್ಮ ಪಾಲು. ಭೂಮಿಯ ಕಡೆಯಿಂದ ಗಾಳಿ ಬೀಸುವಾಗ ಇಳಿಯುವ ವಿಮಾನದ ಶಿಳ್ಳೆ ನಮ್ಮ ಪಾಲು.

ಈ ನಿಲ್ದಾಣ ಪೋರ್ಚುಗೀಸರ ಕಾಲದ್ದು. 1955ರಿಂದ ಅವರದೇ ವಿಮಾನ ಸಂಸ್ಥೆ ಇಲ್ಲಿಂದ ಹಾರಾಟ ನಡೆಸಿತು. 1961ರ ಡಿಸೆಂಬರ್ 18ರಂದು ಭಾರತದ ಕ್ಯಾನ್‌ಬೆರಾ ವಿಮಾನಗಳು ಈ ರನ್‌ವೇ ಮೇಲೆ ಬಾಂಬು ಹಾಕಿದವು. ಗೋವಾ ವಿಮೋಚನೆಯ ಮರುವರ್ಷ ನಿಲ್ದಾಣ ನಮ್ಮ ನೌಕಾಪಡೆಯ ವಶಕ್ಕೆ ಬಂತು. 1964ರಲ್ಲಿ 'ಐಎನ್‌ಎಸ್ ಹಂಸ' ನೆಲೆ ಇಲ್ಲಿಗೆ ಬಂತು. ಬಹುಕಾಲ ವಾರದ ಐದು ದಿನ ಬೆಳಗಿನ ಹೊತ್ತು ನೌಕಾಪಡೆಯ ತಾಲೀಮಿಗೆ ಮೀಸಲಾಗಿತ್ತು. ಪ್ರಯಾಣಿಕ ವಿಮಾನಗಳೆಲ್ಲ ಮಧ್ಯಾಹ್ನದ ನಂತರ ಒಂದರ ಹಿಂದೊಂದು ಬರುತ್ತಿದ್ದವು. ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ಮನೆಗಳಲ್ಲಿ ಸಂಜೆಯ ವಿಮಾನವೇ ಗಡಿಯಾರವಾಗಬಹುದಿತ್ತು. ಆದರೆ ವಿಮಾನ ಹೊತ್ತಿಗೆ ಸರಿಯಾಗಿ ಬರುವುದೆಂಬ ನಂಬಿಕೆ ನಮ್ಮ ಅಜ್ಜಿಯರಿಗೆ ಇರಲಿಲ್ಲ!

ಒಂದೊಂದಕ್ಕೆ ಒಂದೊಂದು ಕಂಠ

ನಮ್ಮ ಹಿರಿಯರಿಗೆ ಇಂದಿಗೂ ಮರೆಯದಿರುವುದು ಇಂಡಿಯನ್ ಏರ್‌ಲೈನ್ಸಿನ ಹಳೆಯ ಬೋಯಿಂಗ್ 737-200. ಏರುವಾಗ ಆಕಾಶವನ್ನು ಹರಿದ ಬಟ್ಟೆಯಂತೆ ಸೀಳಿಕೊಂಡು ಹೋಗುತ್ತಿತ್ತು. ಕಪಾಟಿನ ಸ್ಟೀಲ್ ಲೋಟಗಳು ಝಣಝಣ ಎನ್ನುತ್ತಿದ್ದವು. 1989ರಲ್ಲಿ ಆ ಸಂಸ್ಥೆಗೆ ಏರ್‌ಬಸ್ 320 ಬಂದ ಮೇಲೆ ವ್ಯತ್ಯಾಸ ಕಿವಿಗೇ ತಿಳಿಯಿತು. ಅದರದು ಗರ್ಜನೆಗಿಂತ ಹೆಚ್ಚಾಗಿ ದಪ್ಪನೆಯ ಗುಂಯ್‌ಗುಡುವಿಕೆ. ಅದರ ಮತ್ತೊಂದು ಗುಟ್ಟನ್ನು ಒಳಗೆ ಕುಳಿತವರು ಬಲ್ಲರು: ನೆಲದ ಮೇಲಿರುವಾಗ ಕಾಲಡಿಯಿಂದ ನಾಯಿ ಬೊಗಳಿದಂತೆ ಸದ್ದು ಬರುತ್ತದೆ. ಅದು ಒಂದು ಹೈಡ್ರಾಲಿಕ್ ವ್ಯವಸ್ಥೆಯಿಂದ ಇನ್ನೊಂದಕ್ಕೆ ಒತ್ತಡ ಸಾಗಿಸುವ ಯಂತ್ರದ ಸದ್ದು, ಗಾಬರಿ ಬೇಡ.

ನೌಕಾಪಡೆಯ ವಿಮಾನಗಳ ಮುಂದೆ ಇವೆಲ್ಲ ಸೌಮ್ಯವೇ. 1983ರ ಡಿಸೆಂಬರಿನಲ್ಲಿ ಬಂದ ಸೀ ಹ್ಯಾರಿಯರ್ ನಿಂತಲ್ಲೇ ಕೆಳಗಿಳಿಯಬಲ್ಲ ವಿಮಾನ. ತನ್ನ ಇಡೀ ಭಾರವನ್ನು ಎಂಜಿನ್ನಿನ ಗಾಳಿಯ ಮೇಲೆಯೇ ಹೊರುವಾಗ ಆಗುತ್ತಿದ್ದ ಅಬ್ಬರಕ್ಕೆ ಹಸುಗೂಸುಗಳು ಚೀರುತ್ತಿದ್ದವು. 2016ರಲ್ಲಿ ಅದು ನಿವೃತ್ತಿಯಾಯಿತು. 2010ರಿಂದ ಸೇವೆಯಲ್ಲಿರುವ ಮಿಗ್-29ಕೆ ಹಿಂಬದಿಯಲ್ಲಿ ಬೆಂಕಿ ಉಗುಳುತ್ತ ಏರಿದರೆ ಎದೆಯೇ ನಡುಗುತ್ತದೆ. ನಾಲ್ಕು ರೆಕ್ಕೆಪಂಖದ ಇಲ್ಯೂಷಿನ್-38 ಮಾತ್ರ 1977ರಿಂದ 2023ರವರೆಗೆ ದೊಡ್ಡ ಹಿಟ್ಟಿನ ಗಿರಣಿಯಂತೆ ಒಂದೇ ಲಯದಲ್ಲಿ ಮೊರೆಯುತ್ತ ಸೇವೆ ಮುಗಿಸಿತು.

ಗದ್ದಲದ ಲೆಕ್ಕ

ಒಂದು ವಿಮಾನ ಕಿರುಚುವುದೇಕೆ, ಇನ್ನೊಂದು ಗುನುಗುವುದೇಕೆ? ಅಡುಗೆ ಮನೆಯಲ್ಲೇ ಉತ್ತರವಿದೆ. ಪ್ರೈಮಸ್ ಸ್ಟೋವಿನ ಸಣ್ಣ ತೂತಿನಿಂದ ವೇಗವಾಗಿ ನುಗ್ಗುವ ಅನಿಲ ಭರ್ರೆಂದು ಸದ್ದು ಮಾಡುತ್ತದೆ. ಮಾಳಿಗೆಯ ಫ್ಯಾನ್ ಅದಕ್ಕಿಂತ ಎಷ್ಟೋ ಹೆಚ್ಚು ಗಾಳಿಯನ್ನು ಮೆಲ್ಲಗೆ ನೂಕುತ್ತದೆ. ಜೆಟ್ ಎಂಜಿನ್ನಿನದೂ ಇದೇ ನ್ಯಾಯ. ಹಳೆಯ 737ರ ಎಂಜಿನ್ನಿನಲ್ಲಿ ಉರಿಯುವ ಒಡಲಿನೊಳಗೆ ಹೋಗುವ ಗಾಳಿಗೂ ಅದರ ಹೊರಗಿನಿಂದ ಹಾಯುವ ಗಾಳಿಗೂ ಪ್ರಮಾಣ ಹೆಚ್ಚುಕಡಿಮೆ ಸಮ. ಮೊದಲ ಏರ್‌ಬಸ್ 320ರಲ್ಲಿ ಹೊರಗಾಳಿ ಸುಮಾರು ಐದು ಪಟ್ಟು. 2016ರಿಂದ ನಮ್ಮ ದೇಶದಲ್ಲಿ ಹಾರುತ್ತಿರುವ 'ನಿಯೋ' ಮಾದರಿಯಲ್ಲಿ ಹನ್ನೊಂದು-ಹನ್ನೆರಡು ಪಟ್ಟು. ಹೊರಗಾಳಿ ಹೆಚ್ಚಿದಷ್ಟೂ ಹಿಂದಕ್ಕೆ ಚಿಮ್ಮುವ ಗಾಳಿಯ ವೇಗ ತಗ್ಗುತ್ತದೆ.

ಈ ವೇಗಕ್ಕೂ ಸದ್ದಿಗೂ ಇರುವ ನಂಟನ್ನು ಬ್ರಿಟನ್ನಿನ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್ 1952ರಲ್ಲಿ ತೋರಿಸಿಕೊಟ್ಟರು. ಚಿಮ್ಮುವ ಗಾಳಿಯ ವೇಗ ಇಮ್ಮಡಿಯಾದರೆ ಅದರ ಸದ್ದಿನ ಶಕ್ತಿ ಇಮ್ಮಡಿಯಲ್ಲ, 256 ಪಟ್ಟು! ಇಂಥ ಚಕ್ರಬಡ್ಡಿ ಯಾವ ಸಾಹುಕಾರನೂ ಹಾಕಲಾರ. ಡೆಸಿಬೆಲ್ ಎಂಬ ಅಳತೆಯೂ ನಮ್ಮ ಖಾತೆ ಪುಸ್ತಕದ ಕೂಡಿಕೆಗೆ ಒಗ್ಗುವುದಿಲ್ಲ. 80 ಡೆಸಿಬೆಲ್ಲಿನ ಎರಡು ಯಂತ್ರ ಕೂಡಿದರೆ 160 ಅಲ್ಲ, 83. ಹತ್ತು ಡೆಸಿಬೆಲ್ ಹೆಚ್ಚಾದರೆ ಕಿವಿಗೆ ಸುಮಾರು ಎರಡರಷ್ಟು ಜೋರು ಎನಿಸುತ್ತದೆ.

ಇಳಿಯುವಾಗ ಎಂಜಿನ್ ತಗ್ಗಿದ್ದರೂ ಸದ್ದು ನಿಲ್ಲುವುದಿಲ್ಲ. ಹೊರಚಾಚಿದ ಚಕ್ರಗಳು, ರೆಕ್ಕೆಯ ಪಟ್ಟಿಗಳು ಗಾಳಿಯನ್ನು ಕಲಕುತ್ತವೆ. ಏರ್‌ಬಸ್ 320ರ ರೆಕ್ಕೆಯ ಕೆಳಗಿರುವ ಸಣ್ಣ ಕುಳಿಗಳು, ಖಾಲಿ ಬಾಟಲಿಯ ಬಾಯಿಗೆ ಊದಿದಂತೆ, ಶಿಳ್ಳೆ ಹೊಡೆಯುತ್ತವೆ. ಅವುಗಳ ಮುಂದೆ ಪುಟ್ಟ ಲೋಹದ ತುಂಡು ಕೂರಿಸಿದರೆ ಆ ಶಿಳ್ಳೆ ಅಡಗುತ್ತದೆ; ಜರ್ಮನಿಯ ಲುಫ್ತಾನ್ಸಾ 2014ರಿಂದ ಹಾಗೆ ಮಾಡಿತು.

ಈ ಸುಧಾರಣೆಗಳು ತಾವಾಗಿ ಬಂದವಲ್ಲ. 1971ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆ ವಿಮಾನದ ಸದ್ದಿಗೆ ಮಿತಿ ಹಾಕಿತು. ಮುಂದೆ ಅದನ್ನು ಹಂತ ಹಂತವಾಗಿ ಬಿಗಿಗೊಳಿಸಿತು. 2002ರ ಏಪ್ರಿಲಿನಿಂದ ಯುರೋಪು ಹಳೆಯ ಗದ್ದಲದ ಜೆಟ್‌ಗಳಿಗೆ ಬಾಗಿಲು ಮುಚ್ಚಿತು.

ಮಕ್ಕಳ ಓದು, ನಮ್ಮ ವ್ಯಾಪಾರ

'ಅಭ್ಯಾಸವಾಗಿದೆ ಬಿಡಿ' ಎನ್ನುವುದು ದೊಡ್ಡವರ ಮಾತು. ಮಕ್ಕಳ ಮಾತು ಬೇರೆ. 1992ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಹಳೆಯ ವಿಮಾನ ನಿಲ್ದಾಣ ಮುಚ್ಚಿ ಬೇರೆಡೆ ಹೊಸದು ತೆರೆಯಿತು. ಸಂಶೋಧಕರು ಎರಡೂ ಕಡೆಯ ಮಕ್ಕಳನ್ನು ಮುಂಚೆಯೂ ನಂತರವೂ ಪರೀಕ್ಷಿಸಿದರು. ಹೊಸ ನಿಲ್ದಾಣದ ಬಳಿಯ ಮಕ್ಕಳ ಓದು ಮತ್ತು ನೆನಪು ಕುಂದಿದವು; ಹಳೆಯದರ ಬಳಿಯ ಮಕ್ಕಳಲ್ಲಿ ಸುಧಾರಿಸಿದವು. ಅಂದರೆ ಹಾನಿಯೂ ನಿಜ, ಚೇತರಿಕೆಯೂ ನಿಜ. ನಮ್ಮ ದೇಶದ 2000ದ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದು.

ಈಗ ಗೋವಾದಲ್ಲೂ ಅಂಥದೇ ಬದಲಾವಣೆ ನಡೆದಿದೆ. ಉತ್ತರದ ಮೋಪಾದಲ್ಲಿ ಮನೋಹರ ವಿಮಾನ ನಿಲ್ದಾಣ 2022ರ ಡಿಸೆಂಬರ್ 11ರಂದು ಉದ್ಘಾಟನೆಯಾಗಿ, 2023ರ ಜನವರಿ 5ರಿಂದ ಹಾರಾಟ ಶುರುವಾಯಿತು. ಕೆಲವು ವಿಮಾನ ಸಂಸ್ಥೆಗಳು ದಾಬೋಲಿ ಬಿಟ್ಟು ಅಲ್ಲಿಗೆ ಹೋದವು. ಇದನ್ನು ನಮ್ಮ ಮನೆಗಳಲ್ಲಿ ಇಬ್ಬರು ಎರಡು ರೀತಿ ನೋಡುತ್ತಾರೆ. ಮಗುವನ್ನು ಮಲಗಿಸುವ ತಾಯಿಗೆ ನೆಮ್ಮದಿ. ಟ್ಯಾಕ್ಸಿಯವರು, ಹೋಟೆಲಿನವರು ಗಿರಾಕಿಗಳಾಗಿರುವ ಅಂಗಡಿಯ ಯಜಮಾನನಿಗೆ ಚಿಂತೆ. ಇಬ್ಬರ ಮಾತೂ ಸುಳ್ಳಲ್ಲ. ಆಕಾಶ ಮೌನವಾದರೆ ಗಲ್ಲಾಪೆಟ್ಟಿಗೆಯೂ ಮೌನವಾದೀತು ಎಂಬ ಅಂಜಿಕೆ ಇರುವಾಗ, ಗದ್ದಲದ ಬಗ್ಗೆ ದೂರು ಹೇಳಲು ಬಾಯಿ ಬರುವುದಿಲ್ಲ.

ಆದರೂ ನಮ್ಮ ಕೈಯಲ್ಲಿರುವುದನ್ನು ಮಾಡಬಹುದು. ಮಕ್ಕಳ ಓದುವ ಮೇಜನ್ನು ರನ್‌ವೇಗೆ ಬೆನ್ನಾದ ಕೋಣೆಯಲ್ಲಿಡಿ. ಕಿಟಕಿಯ ಸಂದುಗಳನ್ನು ಮುಚ್ಚಿ. ಗಾಳಿ ನುಸುಳುವಲ್ಲಿ ಸದ್ದೂ ನುಸುಳುತ್ತದೆ. ವಿಮಾನದ ಸದ್ದಿಗೆ ಪೈಪೋಟಿಯಾಗಿ ಟಿ.ವಿ. ಜೋರು ಮಾಡಬೇಡಿ. ಮಗು ಕರೆದರೆ ತಿರುಗದಿದ್ದರೆ 'ಹಟಮಾರಿ' ಎನ್ನುವ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಸಾಮಾಯಿಕಕ್ಕೆ ಕುಳಿತ 48 ನಿಮಿಷಗಳಲ್ಲಿ ವಿಮಾನ ಹಾದು ಹೋದರೆ ಹಿರಿಯರು ಕಣ್ಣು ತೆರೆಯುವುದಿಲ್ಲ. ಆದರೆ ಅವರಿಗಿರುವ ಆ ಸ್ಥಿರತೆಯನ್ನು ಎರಡನೆಯ ತರಗತಿಯ ಮಗುವಿನಿಂದ ನಿರೀಕ್ಷಿಸುವುದು ನ್ಯಾಯವಲ್ಲ.