ಅಂಗಳದ ರೈಲು, ಅಜ್ಜನ ಎತ್ತರ

ಮಕ್ಕಳ ಆಟಿಕೆಯೆಂದು ನಾವು ಬದಿಗಿಡುವ ರೈಲು ಜರ್ಮನಿ, ಇಂಗ್ಲೆಂಡುಗಳ ಎಷ್ಟೋ ಹಿರಿಯರ ಬಿಡುವಿನ ವೇಳೆಯನ್ನು ತುಂಬಿದೆ. ನ್ಯೂರೆಂಬರ್ಗಿನ ಲೇಮನ್ ಸಂಸ್ಥೆಯು 1968ರಲ್ಲಿ ಹೊರತಂದ ‘ಎಲ್‌ಜಿಬಿ’ ರೈಲುಗಳು ಈ ಹವ್ಯಾಸವನ್ನು ಬಹುವಾಗಿ ಹರಡಿದವು. ಇವುಗಳ ಹಳಿಗಳ ನಡುವಣ ಅಂತರ 45 ಮಿ.ಮೀ.; ನಮ್ಮ ಹಿರಿಯರು ಪಯಣಿಸಿದ ಮೀಟರ್ ಗೇಜಿನ ಸುಮಾರು ಇಪ್ಪತ್ತೆರಡರಲ್ಲೊಂದು ಪಾಲು.

ನೆಲದ ಮೇಲೆ ಹಳಿ ಹಾಸಿದರೆ ಪ್ರತಿಯೊಂದಕ್ಕೂ ಮಂಡಿಯೂರಬೇಕು. ಆದುದರಿಂದ ವಯಸ್ಸಾದವರು ಗಟ್ಟಿ ಕಂಬಗಳನ್ನು ನೆಟ್ಟು, ಸೊಂಟದೆತ್ತರಕ್ಕೆ ಹಲಗೆ ಹಾಸುತ್ತಾರೆ. ರಸಮಟ್ಟವಿಟ್ಟು ಸಮ ನೋಡುತ್ತಾರೆ. ಏರು ಅನಿವಾರ್ಯವಾದರೆ ನೂರಕ್ಕೆ ಎರಡನ್ನು ಮೀರದಂತೆ ಎಚ್ಚರ ವಹಿಸುತ್ತಾರೆ.

ಮರೆಯಬಾರದ ಶತ್ರು ಬಿಸಿಲು. ಹತ್ತು ಮೀಟರ್ ಉದ್ದದ ಹಿತ್ತಾಳೆ ಹಳಿಯು 40 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಏಳೆಂಟು ಮಿ.ಮೀ. ಹಿಗ್ಗುತ್ತದೆ. ಕೂಡುವೆಡೆಗಳಲ್ಲಿ ಕಿರುಸಂದು ಬಿಡದೆ, ಉದ್ದಕ್ಕೂ ಮೊಳೆ ಜಡಿದು ಬಿಗಿದರೆ ಹಳಿ ಸೊಟ್ಟಗಾಗಿ ಬಂಡಿ ಉರುಳುತ್ತದೆ.

ಹಲಗೆಯನ್ನು ತುಸು ತಗ್ಗಿಸಿದರೆ ಗಾಲಿಕುರ್ಚಿಯಲ್ಲಿ ಕುಳಿತವರಿಗೂ ಅದು ಕೈಗೆಟಕುತ್ತದೆ. ಮೈ ಬಾಗದಾದಾಗ ಹವ್ಯಾಸವನ್ನೇ ತೊರೆಯಬೇಕಾಗಿಲ್ಲ, ಕೆಲಸವನ್ನೇ ಮೇಲೆತ್ತಬಹುದು. ಹೂಗಿಡದ ಕುಂಡವಾಗಲಿ, ಹೊಲಿಗೆಯ ಯಂತ್ರವಾಗಲಿ, ನಮ್ಮ ಮನೆಯ ಹಿರಿಯರ ಕೈಯೆತ್ತರಕ್ಕೆ ನಾವು ಇರಿಸಿದ್ದೇವೆಯೇ? ಇಂದೇ ಒಮ್ಮೆ ನೋಡಿಕೊಳ್ಳೋಣ.