ಡಿಶ್ ಪೆಟ್ಟಿಗೆಯೂ ಊರಿನ ವಾಹಿನಿಯೂ: ಸಗರನಾಡಿನ ವರ್ತಕರು ಗಮನಿಸಬೇಕಾದ ಒಂದು ಸಂಗತಿ

ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಟಿ.ವಿ. ವ್ಯಾಪಾರ ಮಾಡುವ ಸದಸ್ಯರಿಗೆ ಈ ಪ್ರಶ್ನೆ ಹೊಸದಲ್ಲ. ಹಳ್ಳಿಯಿಂದ ಬಂದ ಗ್ರಾಹಕ ದರ ವಿಚಾರಿಸಿ, ಚೌಕಾಸಿ ಮುಗಿಸಿ, ಹಣ ಎಣಿಸುವ ಮುನ್ನ ಕೇಳುತ್ತಾನೆ: "ಈ ಡಿಶ್ ಕೂಡಿಸಿದ್ರ ನಮ್ಮೂರ ಚಾನೆಲ್ ಬರ್ತದೇನ್ರಿ?" ಅಂಗಡಿಯ ಹುಡುಗ ಮಾರಾಟ ತಪ್ಪಬಾರದೆಂದು "ಎಲ್ಲಾ ಬರ್ತದ" ಎಂದುಬಿಡುತ್ತಾನೆ. ಎರಡು ದಿನಗಳ ನಂತರ ಅದೇ ಗ್ರಾಹಕ ರಿಮೋಟ್ ಹಿಡಿದು ಅಂಗಡಿಯ ಮುಂದೆ ನಿಂತಿರುತ್ತಾನೆ.

ಪೆಟ್ಟಿಗೆಯಲ್ಲಿ ದೋಷವಿರುವುದಿಲ್ಲ. ಅದರ ರಚನೆಯೇ ಹಾಗೆ. ಡಿಶ್ ಪೆಟ್ಟಿಗೆಗೆ ಛತ್ರಿಯ ಮೂಲಕ ಬಂದದ್ದನ್ನು ಬಿಟ್ಟು ಬೇರೇನೂ ಕೇಳಿಸದು. ನೆಲದ ಮೇಲಿನ ಪ್ರಸಾರ ಗೋಪುರದಿಂದ ಬರುವ ಅಲೆಗಳನ್ನು ಹಿಡಿಯುವ ಟ್ಯೂನರ್ ಅದರೊಳಗಿಲ್ಲ. ಊರಿನ ಕೇಬಲ್ ತಂತಿಯಲ್ಲಿ ಹರಿಯುವ ಸ್ಥಳೀಯ ವಾಹಿನಿಯನ್ನು ಓದುವ ಭಾಗವೂ ಇಲ್ಲ. ಈ ಸಂಗತಿ ಟಿ.ವಿ. ಅಂಗಡಿಯವರಿಗೆ ಮಾತ್ರ ಸಂಬಂಧಿಸಿದ್ದೆಂದು ಬೀಜ-ಗೊಬ್ಬರದ ವರ್ತಕರಾಗಲಿ, ಬಟ್ಟೆ ವ್ಯಾಪಾರಿಗಳಾಗಲಿ ಭಾವಿಸಬಾರದು. ಮುಂಗಾರಿಗೆ ಮುನ್ನ, ದಸರೆ-ದೀಪಾವಳಿಯ ಮುನ್ನ ಊರಿನ ವಾಹಿನಿಗೆ ಜಾಹೀರಾತಿನ ಹಣ ತೆರುವವರು ಅವರೇ.

ಸಗರನಾಡಿಗೂ ಉಪಗ್ರಹ ದೂರದರ್ಶನಕ್ಕೂ ಇರುವ ನಂಟು ಖಾಸಗಿ ಕಂಪನಿಗಳ ಛತ್ರಿಗಳಿಂದ ಆರಂಭವಾದುದಲ್ಲ. 1975ರ ಆಗಸ್ಟ್ 1ರಂದು ಆರಂಭವಾಗಿ ಒಂದು ವರ್ಷ ನಡೆದ 'ಸೈಟ್' ಎಂಬ ಉಪಗ್ರಹ ಬೋಧನಾ ಪ್ರಯೋಗಕ್ಕೆ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಲಾಗಿತ್ತು. ಕರ್ನಾಟಕದಿಂದ ಆಯ್ಕೆಯಾದವು ಗುಲಬರ್ಗಾ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳು. ನಮ್ಮ ಮೂರೂ ತಾಲ್ಲೂಕುಗಳು ಅಂದು ಗುಲಬರ್ಗಾ ಜಿಲ್ಲೆಗೆ ಸೇರಿದ್ದವು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ ಕೊನೆಯಲ್ಲಿ. ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-6 ಉಪಗ್ರಹದಿಂದ ಕಾರ್ಯಕ್ರಮಗಳು ನೇರವಾಗಿ ಹಳ್ಳಿಗೆ ಇಳಿಯುತ್ತಿದ್ದವು. ಅವನ್ನು ಹಿಡಿಯಲು ಕೋಳಿ ಬಲೆಯಂಥ ತಂತಿಜಾಲದಿಂದ ಮಾಡಿದ ಹತ್ತು ಅಡಿ ಅಗಲದ ಛತ್ರಿಯನ್ನು ಬಳಸಲಾಗುತ್ತಿತ್ತು. ಒಂದೇ ದೃಶ್ಯಕ್ಕೆ ಎರಡು ಧ್ವನಿಮಾರ್ಗಗಳಿದ್ದುದರಿಂದ ಆಂಧ್ರದ ಹಳ್ಳಿಯವರು ತೆಲುಗಿನಲ್ಲಿ ಕೇಳಿದ್ದನ್ನು ನಮ್ಮವರು ಕನ್ನಡದಲ್ಲಿ ಕೇಳಬಹುದಾಗಿತ್ತು. ಬೆಂಗಳೂರಿನ ಮನೆಗಳಲ್ಲಿ ಟಿ.ವಿ. ಎಂಬುದು ಇನ್ನೂ ಇಲ್ಲದಿದ್ದ ಕಾಲವದು.

ಒಂದು ವರ್ಷದ ಅವಧಿ ಮುಗಿದ ಮೇಲೆ ಉಪಗ್ರಹದ ಸೇವೆ ನಿಂತಿತು. ಅದರ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬಲೆಂದು 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಪ್ರಸಾರ ಕೇಂದ್ರವನ್ನು ಸ್ಥಾಪಿಸಲಾಯಿತು. ಕರ್ನಾಟಕದ ಮೊದಲ ದೂರದರ್ಶನ ಕೇಂದ್ರವೆಂಬ ಹಿರಿಮೆ ಅದರದು. ಆಗಲೇ ಇಂದಿನ ಪ್ರಶ್ನೆಯೂ ತಲೆದೋರಿತ್ತು. ಉಪಗ್ರಹದ ಪ್ರಸಾರ 860 ಮೆಗಾಹರ್ಟ್ಸ್ ಆವರ್ತನದಲ್ಲಿ ಒಂದು ವಿಧಾನದಿಂದ ಬರುತ್ತಿತ್ತು; ಗೋಪುರದ ಪ್ರಸಾರ ಅದಕ್ಕಿಂತ ತೀರ ಕೆಳಗಿನ ಆವರ್ತನದಲ್ಲಿ, ಬೇರೆಯೇ ವಿಧಾನದಿಂದ. ಆಕಾಶಕ್ಕೆ ಹೊಂದಿಸಿದ ಛತ್ರಿ ಮತ್ತು ಪರಿವರ್ತಕ ನೆಲದ ಅಲೆಗೆ ಹೊಂದುವುದಿಲ್ಲ. ಅದಕ್ಕೆ ಬೇರೆ ಆಂಟೆನಾ, ಬೇರೆ ಟ್ಯೂನರ್ ಬೇಕು.

ಅಂದಿನಿಂದ ತೊಂಬತ್ತರ ದಶಕದವರೆಗೂ ನಮ್ಮ ಊರುಗಳ ಮಾಳಿಗೆಗಳ ಮೇಲೆ ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾಗಳದೇ ರಾಜ್ಯ. ಎತ್ತರದ ಕಬ್ಬಿಣದ ಕೊಳವೆ, ಅದರ ತುದಿಗೆ ಆಂಟೆನಾ, ಗಾಳಿ ಬೀಸಿದಾಗಲೆಲ್ಲ ಮೇಲೆ ಹತ್ತಿ ತಿರುಗಿಸುವ ಒಬ್ಬ, ಕೆಳಗಿನಿಂದ "ಬಂತು, ಬಂತು, ಹೋತು" ಎಂದು ಕೂಗುವ ಇನ್ನೊಬ್ಬ. ಈ ಕಡ್ಡಿ, ಕೊಳವೆ, ಬೂಸ್ಟರ್, ಚಪ್ಪಟೆ ತಂತಿಗಳನ್ನು ಜೋಡಿಸಿ ಮಾರಿ ಸಂಸಾರ ನಡೆಸಿದ ಸಣ್ಣ ಕೈಗಾರಿಕೆಗಳು ಎಷ್ಟೋ ಇದ್ದವು. ಅಂದಿನ ಟಿ.ವಿ.ಯ ಒಳಗೇ ಭೂಪ್ರಸಾರದ ಟ್ಯೂನರ್ ಇರುತ್ತಿದ್ದುದರಿಂದ ಪೆಟ್ಟಿಗೆಯ ಪ್ರಶ್ನೆ ಏಳುತ್ತಿರಲಿಲ್ಲ.

ಡಿ.ಟಿ.ಎಚ್. ಬಂದ ಮೇಲೆ ಚಿತ್ರ ಬದಲಾಯಿತು. 2001ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿಗಳನ್ನು ಹೊರಡಿಸಿತು. 2003ರಲ್ಲಿ ಡಿಶ್ ಟಿ.ವಿ., 2004ರ ಡಿಸೆಂಬರಿನಲ್ಲಿ ದೂರದರ್ಶನದ ಉಚಿತ ಸೇವೆಯಾದ ಡಿ.ಡಿ. ಡೈರೆಕ್ಟ್ ಪ್ಲಸ್ (ಇಂದಿನ ಡಿ.ಡಿ. ಫ್ರೀ ಡಿಶ್), 2006ರಲ್ಲಿ ಟಾಟಾ ಸ್ಕೈ, ಅನಂತರ ಸನ್ ಡೈರೆಕ್ಟ್, ಏರ್‌ಟೆಲ್ ಮುಂತಾದವು ಬಂದವು. ಈ ಸೇವೆಗಳ ಸಾಮಾನ್ಯ ಪೆಟ್ಟಿಗೆಗಳಲ್ಲಿ ಇರುವುದು ಉಪಗ್ರಹದ ಟ್ಯೂನರ್ ಮಾತ್ರ. ಛತ್ರಿಯ ತುದಿಯಲ್ಲಿರುವ ಎಲ್.ಎನ್.ಬಿ. ಆಕಾಶದ ಅಲೆಗಳನ್ನು 950ರಿಂದ 2150 ಮೆಗಾಹರ್ಟ್ಸ್ ನಡುವಿನ ಆವರ್ತನಕ್ಕೆ ಇಳಿಸಿ ಕೊಡುತ್ತದೆ. ಪೆಟ್ಟಿಗೆ ಅಷ್ಟನ್ನೇ ಓದುತ್ತದೆ.

ಇಲ್ಲಿ ಅಂಗಡಿಯವರಿಗೊಂದು ಎಚ್ಚರಿಕೆಯ ಮಾತು. ಹಳೆಯ ಕೆಲವು ಪೆಟ್ಟಿಗೆಗಳ ಹಿಂಬದಿಯಲ್ಲಿ ಆಂಟೆನಾ ತಂತಿ ಸಿಕ್ಕಿಸುವ ರಂಧ್ರವೊಂದಿರುತ್ತಿತ್ತು. ಅದನ್ನು ತೋರಿಸಿ "ನೋಡ್ರಿ, ಆಂಟೆನಾಕ್ಕೂ ಜಾಗ ಕೊಟ್ಟಾರ" ಎಂದು ಮಾರಿದವರಿದ್ದಾರೆ. ಆ ರಂಧ್ರದಿಂದ ಒಳಹೊಕ್ಕ ಅಲೆಯನ್ನು ಪೆಟ್ಟಿಗೆ ಓದುತ್ತಿರಲಿಲ್ಲ, ಹಾಗೆಯೇ ಟಿ.ವಿ.ಗೆ ದಾಟಿಸುತ್ತಿತ್ತು, ಅಷ್ಟೆ. ಓದಬೇಕಾದದ್ದು ಟಿ.ವಿ.ಯ ಟ್ಯೂನರ್. ರಿಮೋಟ್ ಬದಲಿಸಿ, ಟಿ.ವಿ.ಯನ್ನು ಎ.ವಿ.ಯಿಂದ ಹೊರತಂದು, ಚಾನೆಲ್ ಹುಡುಕಬೇಕಾಗಿತ್ತು. ಇದನ್ನು ವಿವರಿಸುವ ತಾಳ್ಮೆ ಮಾರಿದವನಿಗೂ ಇರಲಿಲ್ಲ, ಕೊಂಡವನಿಗೂ ಇರಲಿಲ್ಲ.

ತಯಾರಕರು ಎರಡನೆಯ ಟ್ಯೂನರನ್ನು ಏಕೆ ಹಾಕಲಿಲ್ಲ? ವೆಚ್ಚ ಒಂದು ಕಾರಣ. ಪೆಟ್ಟಿಗೆಯನ್ನು ಅಗ್ಗದ ದರಕ್ಕೆ, ಎಷ್ಟೋ ವೇಳೆ ನಷ್ಟಕ್ಕೇ ಕೊಟ್ಟು ಮಾಸಿಕ ಚಂದಾದಲ್ಲಿ ಗಳಿಸುವ ವ್ಯಾಪಾರದಲ್ಲಿ ಒಂದೊಂದು ಬಿಡಿಭಾಗವೂ ಲೆಕ್ಕಕ್ಕೆ ಬರುತ್ತದೆ. ಆದರೆ ಮುಖ್ಯ ಕಾರಣ ಕಾನೂನಿನಲ್ಲಿದೆ. 1995ರ ಕೇಬಲ್ ಟಿ.ವಿ. ಕಾಯ್ದೆಯ 8ನೇ ಕಲಮಿನಂತೆ ದೂರದರ್ಶನದ ಸೂಚಿತ ವಾಹಿನಿಗಳನ್ನು ಕೇಬಲ್‌ನವರು ಕಡ್ಡಾಯವಾಗಿ ತೋರಿಸಬೇಕು, ಡಿ.ಟಿ.ಎಚ್.ನವರ ಮೇಲೂ ಅಂಥದೇ ಹೊಣೆಯನ್ನು ಹೊರಿಸಲಾಗಿದೆ. ದೂರದರ್ಶನವೇ ಛತ್ರಿಯ ಮೂಲಕ ಬರುವಾಗ ಆಂಟೆನಾ ಏಕೆ ಎಂಬುದು ಅವರ ತರ್ಕ. ಅದರಲ್ಲಿ ತಪ್ಪಿಲ್ಲ. ಆದರೆ ಆ ತರ್ಕದಲ್ಲಿ 'ಸ್ಥಳೀಯ' ಎಂದರೆ ಇಡೀ ರಾಜ್ಯಕ್ಕೆ ಒಂದು ಚಂದನ ವಾಹಿನಿ. ಸುರಪುರಕ್ಕೆ ಯಾವುದು ಸ್ಥಳೀಯ ಎಂದು ಅಲ್ಲಿ ಯಾರೂ ಕೇಳಿಕೊಳ್ಳಲಿಲ್ಲ.

ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಕೇಳಲೇಬೇಕಾಯಿತು, ಏಕೆಂದರೆ ಅಲ್ಲಿಯ ಪ್ರಮುಖ ವಾಹಿನಿಗಳೇ ಊರೂರಿನ ಗೋಪುರಗಳ ಮೂಲಕ ಮನೆ ತಲುಪುತ್ತವೆ. 1999ರ ಕಾನೂನೊಂದು ಆಯಾ ಊರಿನ ವಾಹಿನಿಯನ್ನು ಆಯಾ ಊರಿಗೇ ಉಪಗ್ರಹದ ಮೂಲಕ ಮರಳಿ ಕೊಡಲು ಅವಕಾಶ ನೀಡಿತು. ನಿರ್ದಿಷ್ಟ ಪ್ರದೇಶದ ಮೇಲಷ್ಟೇ ಬೀಳುವ ಕಿರಣಗಳುಳ್ಳ ಉಪಗ್ರಹಗಳನ್ನು ಅದಕ್ಕಾಗಿ ಹಾರಿಸಲಾಯಿತು. ಅಲ್ಲಿಯ ಡೈರೆಕ್ಟ್ ಟಿ.ವಿ. ಕಂಪನಿಯು 2006ರ ಎಚ್.ಆರ್. 20 ಎಂಬ ಪೆಟ್ಟಿಗೆಯಲ್ಲಿ ಆಂಟೆನಾ ಟ್ಯೂನರನ್ನು ಇರಿಸಿತ್ತು, ಮರುವರ್ಷದ ಎಚ್.ಆರ್. 21ರಲ್ಲಿ ಅದನ್ನು ತೆಗೆದುಹಾಕಿತು. ಗ್ರಾಹಕರ ಒತ್ತಾಯ ಹೆಚ್ಚಾದಾಗ ಅದೇ ಟ್ಯೂನರನ್ನು ಬೇರೆ ಪೆಟ್ಟಿಗೆಯಾಗಿ, ಬೇರೆ ಬೆಲೆಗೆ ಮಾರಿತು. ವ್ಯಾಪಾರಿಗಳಾದ ನಮಗೆ ಆ ಜಾಣ್ಮೆ ಅರ್ಥವಾಗದ ವಿಷಯವೇನಲ್ಲ.

ನಮ್ಮ ಡಿ.ಟಿ.ಎಚ್. ಕಂಪನಿಗಳು ಬಳಸುವ ಉಪಗ್ರಹದ ನೆರಳು ಇಡೀ ದೇಶದ ಮೇಲೆ ಬೀಳುತ್ತದೆ. ಯಾದಗಿರಿಯ ವಾಹಿನಿಯೊಂದನ್ನು ಮೇಲಕ್ಕೇರಿಸಿದರೆ ಅದು ಕಾಶ್ಮೀರದಲ್ಲೂ ಇಳಿಯುತ್ತದೆ, ಮತ್ತು ಅಖಿಲ ಭಾರತ ವಾಹಿನಿಯೊಂದು ಬೇಡುವಷ್ಟೇ ಜಾಗವನ್ನು ಉಪಗ್ರಹದಲ್ಲಿ ಬೇಡುತ್ತದೆ. ಆ ಬಾಡಿಗೆಯನ್ನು ನಮ್ಮೂರ ಹತ್ತಿ, ತೊಗರಿ ಅಂಗಡಿಗಳ ಜಾಹೀರಾತು ಭರಿಸಲಾರದು.

ಆಂಟೆನಾ ಟ್ಯೂನರಿನ ಕೊರತೆ ನಮ್ಮ ಜನರಿಗೆ ನಿಜವಾಗಿ ತಟ್ಟಿದ್ದು ಕ್ರಿಕೆಟ್ಟಿನಿಂದ. ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನು ಹಕ್ಕುದಾರರು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕೆಂದು 2007ರ ಕಾಯ್ದೆ ವಿಧಿಸಿದೆ. ಆದರೆ ಹಾಗೆ ಪಡೆದ ಪಂದ್ಯ ಕೇಬಲ್ ಮತ್ತು ಖಾಸಗಿ ಡಿ.ಟಿ.ಎಚ್.ಗಳಿಗೂ ಪುಕ್ಕಟೆಯಾಗಿ ಹರಿಯುವುದನ್ನು ಹಕ್ಕುದಾರರು ಪ್ರಶ್ನಿಸಿದರು. 2017ರ ಆಗಸ್ಟ್ 22ರಂದು ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು: ಪಂದ್ಯವನ್ನು ದೂರದರ್ಶನ ತನ್ನ ಗೋಪುರಗಳಿಂದ ಮತ್ತು ತನ್ನ ಫ್ರೀ ಡಿಶ್‌ನಿಂದ ಮಾತ್ರ ತೋರಿಸಬಹುದು. ತಿಂಗಳ ಚಂದಾ ತೆರುವ ಮನೆಯಲ್ಲಿ ದೂರದರ್ಶನ ಹಚ್ಚಿದರೆ ಬೇರೆ ಕಾರ್ಯಕ್ರಮ, ಬಿಡಿಗಾಸು ಚಂದಾ ಕೊಡದ ಫ್ರೀ ಡಿಶ್ ಮನೆಯಲ್ಲಿ ಪಂದ್ಯ! ಒಳಗೊಂದು ಆಂಟೆನಾ ಟ್ಯೂನರ್ ಇದ್ದಿದ್ದರೆ ಆ ಖಾಸಗಿ ಪೆಟ್ಟಿಗೆಯೇ ಗೋಪುರದ ಪಂದ್ಯವನ್ನು ತೋರಿಸುತ್ತಿತ್ತು.

ಆ ಬಾಗಿಲೂ ಈಗ ಮುಚ್ಚಿದೆ. ಹಳೆಯ ಅನಲಾಗ್ ಪ್ರಸಾರ ಗೋಪುರಗಳನ್ನು ಹಂತಹಂತವಾಗಿ ನಿಲ್ಲಿಸಲು ಪ್ರಸಾರ ಭಾರತಿ ತೀರ್ಮಾನಿಸಿತು. ಗಡಿ ಮುಂತಾದ ಆಯಕಟ್ಟಿನ ಸುಮಾರು 50 ಸ್ಥಳಗಳನ್ನು ಬಿಟ್ಟು ಉಳಿದೆಡೆಗೆ 2022ರ ಮಾರ್ಚ್ 31 ಕೊನೆಯ ಗಡುವಾಗಿತ್ತು. ಕಲಬುರಗಿ ಕೇಂದ್ರವನ್ನೇ ಮುಚ್ಚುತ್ತಾರೆಂದು 2021ರ ಅಕ್ಟೋಬರಿನಲ್ಲಿ ಸುದ್ದಿ ಹಬ್ಬಿದಾಗ, ಕೇಂದ್ರವು ಕಾರ್ಯಕ್ರಮ ತಯಾರಿಕೆಯನ್ನು ಮುಂದುವರಿಸುವುದು, ಅವು ರಾಜ್ಯದ ಉಪಗ್ರಹ ವಾಹಿನಿಯಲ್ಲೂ ಅಂತರಜಾಲದಲ್ಲೂ ಬರುವುವು ಎಂದು ಪ್ರಸಾರ ಭಾರತಿ ಸ್ಪಷ್ಟಪಡಿಸಿತು. ಡಿಜಿಟಲ್ ಭೂಪ್ರಸಾರವನ್ನು 2016ರಲ್ಲಿ ದೇಶದ 16 ನಗರಗಳಲ್ಲಿ ಆರಂಭಿಸಲಾಯಿತು. ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದುದು ಬೆಂಗಳೂರು ಮಾತ್ರ. ಆದ್ದರಿಂದ ಆಂಟೆನಾ ಟ್ಯೂನರ್ ಇರುವ ಟಿ.ವಿ.ಯನ್ನು ಕೊಂಡರೂ ಸಗರನಾಡಿನ ಮಾಳಿಗೆಯ ಮೇಲೆ ಅದು ಹಿಡಿಯುವಂಥದೇನೂ ಇಲ್ಲದಾಗಿದೆ. ಊರಿನ ಹೆಸರು ಟಿ.ವಿ.ಯಲ್ಲಿ ಕೇಳಿಬರಬೇಕಾದರೆ ಉಳಿದ ದಾರಿ ಒಂದೇ: ಕೇಬಲ್ ತಂತಿ.

ಈಗ ಜಾಹೀರಾತುದಾರರ ಲೆಕ್ಕಕ್ಕೆ ಬರೋಣ. ಊರಿನ ಕೇಬಲ್ ವಾಹಿನಿಗೆ ಹಣ ಕೊಡುವಾಗ ನಾವು "ಊರೆಲ್ಲ ನೋಡ್ತದ" ಎಂದು ಭಾವಿಸುತ್ತೇವೆ. ಛತ್ರಿ ಇರುವ ಯಾವ ಮನೆಯೂ ಅದನ್ನು ನೋಡದು. ತಂತಿ ಹೋಗದ ತೋಟದ ಮನೆ, ತಾಂಡಾ, ಸಣ್ಣ ಹಳ್ಳಿಗಳಲ್ಲಿ ಛತ್ರಿಯೇ ಆಧಾರ. ಬಿತ್ತನೆ ಬೀಜದ ಗಿರಾಕಿ ಇರುವುದೂ ಅಲ್ಲಿಯೇ. ಪಟ್ಟಣದ ಬಟ್ಟೆ ಅಂಗಡಿಗೆ ಕೇಬಲ್ ಜಾಹೀರಾತು ಫಲ ಕೊಟ್ಟೀತು; ಗೊಬ್ಬರದಂಗಡಿಗೆ ಅದೇ ಹಣ ಗೋಡೆ ಬರಹಕ್ಕೋ, ಸಂತೆಯ ದಿನದ ಧ್ವನಿವರ್ಧಕಕ್ಕೋ ಹೋದರೆ ಲೇಸೆಂಬುದು ಈ ಲೇಖಕನ ಅಭಿಪ್ರಾಯ. ದೇಶದಲ್ಲಿ ಚಂದಾ ಕಟ್ಟುವ ಡಿ.ಟಿ.ಎಚ್. ಮನೆಗಳು 2020ರ ಅಂತ್ಯದಲ್ಲಿ ಸುಮಾರು 7 ಕೋಟಿ ಇದ್ದವು. 2025ರ ಮಾರ್ಚ್ ವೇಳೆಗೆ 5.7 ಕೋಟಿಗೆ ಇಳಿದವು. ಆದರೆ ಚಂದಾ ಬಿಟ್ಟ ಮನೆಯವರೆಲ್ಲ ಕೇಬಲ್ಲಿಗೆ ಮರಳಿದರೆಂದು ತಿಳಿಯಬಾರದು. ಫ್ರೀ ಡಿಶ್ಶಿಗೆ ಹೋದವರಿದ್ದಾರೆ, ಮೊಬೈಲಿಗೆ ಹೋದವರೂ ಇದ್ದಾರೆ.

ಒಂದು ಅನುಕೂಲವಂತೂ ಆಗಿದೆ. ಕೇಬಲ್ ಅನಲಾಗ್ ಆಗಿದ್ದಾಗ ಸಂಪರ್ಕಗಳ ಸಂಖ್ಯೆ ಕೇಬಲ್‌ನವರ ಬಾಯಿಮಾತಿನದಾಗಿತ್ತು: ತೆರಿಗೆಯವರಿಗೆ ಒಂದು, ಜಾಹೀರಾತುದಾರರಿಗೆ ಇನ್ನೊಂದು. ಕೇಬಲ್ ಡಿಜಿಟಲೀಕರಣದ ಮೂರನೆಯ ಹಂತಕ್ಕೆ 2015ರ ಡಿಸೆಂಬರ್ 31, ಗ್ರಾಮಾಂತರವನ್ನೊಳಗೊಂಡ ಕೊನೆಯ ಹಂತಕ್ಕೆ 2017ರ ಮಾರ್ಚ್ 31 ಗಡುವಾಗಿತ್ತು. ಆ ಬಳಿಕ ಪ್ರತಿ ಪೆಟ್ಟಿಗೆಗೂ ಸಂಖ್ಯೆಯಿದೆ, ಚಾಲ್ತಿಯಲ್ಲಿರುವ ಪೆಟ್ಟಿಗೆಗಳ ಎಣಿಕೆ ಕಂಪ್ಯೂಟರಿನಲ್ಲಿದೆ. ಜಾಹೀರಾತಿನ ಕರಾರಿಗೆ ಮುನ್ನ ಆ ತಿಂಗಳ ಎಣಿಕೆಯನ್ನು ಊರುವಾರು ಬರಹದಲ್ಲಿ ಕೇಳಿ ಪಡೆಯಲು ಸದಸ್ಯರು ಹಿಂಜರಿಯಬೇಕಿಲ್ಲ. ವಾಹಿನಿಯ ನೋಂದಣಿಯನ್ನೂ ವಿಚಾರಿಸಬೇಕು. 2022ರ ನವೆಂಬರ್ 30ರ ಮಾರ್ಗಸೂಚಿಯಂತೆ ಕೇಬಲ್ ಜಾಲದವರು ತಮ್ಮ ಒಟ್ಟು ಸಾಮರ್ಥ್ಯದ ಶೇಕಡಾ 5ರಷ್ಟು ಸ್ವಂತ ವಾಹಿನಿಗಳನ್ನು ನಡೆಸಬಹುದು, ಜಿಲ್ಲಾ ಮಟ್ಟದಲ್ಲಿ ಸ್ಥಳೀಯ ವಿಷಯಗಳಿಗಾಗಿ ಇನ್ನೂ ಎರಡನ್ನು ಸೇರಿಸಬಹುದು. ವಾಹಿನಿಯೊಂದಕ್ಕೆ ನೋಂದಣಿ ಶುಲ್ಕ ಒಂದು ಸಾವಿರ ರೂಪಾಯಿ. ಸ್ಥಳೀಯ ಸುದ್ದಿ ಕೊಡಬೇಕಾದರೆ ನಡೆಸುವವರು ಕಂಪನಿಯಾಗಿ ನೋಂದಾಯಿತರಾಗಿರಬೇಕು.

ಟಿ.ವಿ. ಮಾರುವ ಸದಸ್ಯರಿಗೆ ಇನ್ನೊಂದು ಮಾತು ಉಳಿದಿದೆ. ಉಪಗ್ರಹದ ಟ್ಯೂನರನ್ನು ಒಳಗೇ ಹೊಂದಿರುವ ಟಿ.ವಿ.ಗಳಿಗಾಗಿ ಭಾರತೀಯ ಮಾನಕ ಬ್ಯೂರೋ ಐ.ಎಸ್. 18112 ಎಂಬ ಮಾನಕವನ್ನು 2022ರಲ್ಲಿ ರೂಪಿಸಿದೆ. ಅಂಥ ಟಿ.ವಿ.ಗೆ ಛತ್ರಿಯ ತಂತಿಯನ್ನು ನೇರವಾಗಿ ಸಿಕ್ಕಿಸಿ, ಪೆಟ್ಟಿಗೆಯಿಲ್ಲದೆಯೇ ಉಚಿತ ವಾಹಿನಿಗಳನ್ನು ನೋಡಬಹುದು. ಚಂದಾ ವಾಹಿನಿಗಳು ಬೀಗ ಹಾಕಿ ಬರುವುದರಿಂದ ಅವುಗಳಿಗೆ ಕಂಪನಿಯ ಪೆಟ್ಟಿಗೆ ಬೇಕೇ ಬೇಕು. ಊರಿನ ವಾಹಿನಿ ಇದರಲ್ಲೂ ಬಾರದು. ಗ್ರಾಹಕ ಕೇಳುವ ಮೊದಲೇ ಬಿಲ್ಲಿನ ಮೇಲೆ ಒಂದು ಸಾಲು ಮುದ್ರಿಸುವುದು ಒಳ್ಳೆಯದು: "ಸ್ಥಳೀಯ ಕೇಬಲ್ ವಾಹಿನಿಗೆ ಪ್ರತ್ಯೇಕ ಕೇಬಲ್ ಸಂಪರ್ಕ ಅವಶ್ಯ." ಅಕ್ಷರ ಮಾತ್ರ ಕಣ್ಣಿಗೆ ಕಾಣುವಷ್ಟು ದಪ್ಪವಾಗಿರಲಿ.