ಗೆರೆ ಅಳಿಸಬೇಡಿ, ತಿದ್ದಿ

ಸನತ್‌ನಗರಕ್ಕೆ ಕೆಲಸ ಹುಡುಕಿಕೊಂಡು ಬರುವ ನಮ್ಮ ಬೀದರ್, ಕಲಬುರಗಿ, ರಾಯಚೂರು ಕಡೆಯ ಹುಡುಗ ಹುಡುಗಿಯರಲ್ಲಿ ಆಟೋಕ್ಯಾಡ್ ಕಲಿತವರು ಸಾಕಷ್ಟು ಮಂದಿ ಇದ್ದಾರೆ. ಐಟಿಐ ಅಥವಾ ಡಿಪ್ಲೊಮಾ ಮುಗಿಸಿ, ಮೇಲೊಂದು ಕೋರ್ಸಿನ ಸರ್ಟಿಫಿಕೇಟ್ ಹಿಡಿದು ಬಂದಿರುತ್ತಾರೆ. ಆದರೆ ನಾನು ಕಂಡಂತೆ ಶೆಡ್ಡಿನ ಮಾಲೀಕರಿಗೆ ಸರ್ಟಿಫಿಕೇಟಿನ ಮೇಲೆ ಅಷ್ಟೇನೂ ನಂಬಿಕೆಯಿಲ್ಲ. ಹಳೆಯ ಡ್ರಾಯಿಂಗ್ ಒಂದನ್ನು ತೆರೆದು, ಈ ಪ್ಯಾನೆಲ್ ಬಾಗಿಲು 50 ಮಿಲಿಮೀಟರ್ ಎತ್ತರವಾಗಬೇಕು, ಮಾಡಿ ತೋರಿಸು ಎಂದು ಕುರ್ಚಿ ಬಿಟ್ಟುಕೊಡುತ್ತಾರೆ. ಎಲ್ಲ ಅಳಿಸಿ ಮೊದಲಿನಿಂದ ಎಳೆಯಲು ಕುಳಿತವರ ಪರೀಕ್ಷೆ ಅಲ್ಲಿಗೇ ಮುಗಿಯಿತು. ಕೋರ್ಸಿನಲ್ಲಿ ಗೆರೆ ಎಳೆಯುವುದನ್ನು ಕಲಿಸುತ್ತಾರೆ; ಶೆಡ್ಡಿನಲ್ಲಿ ಸಂಬಳ ಸಿಗುವುದು ಗೆರೆ ತಿದ್ದುವುದಕ್ಕೆ.

ಈ ಪ್ರದೇಶಕ್ಕೆ ತಗಡಿನ ಕೆಲಸ ಹೊಸದಲ್ಲ. 1942ರಲ್ಲಿ ಶುರುವಾದ ಹೈದರಾಬಾದ್ ಆಲ್ವಿನ್ ಕಾರ್ಖಾನೆ ಸನತ್‌ನಗರದಲ್ಲೇ ಇತ್ತು. ಪಕ್ಕದ ಬಾಲಾನಗರದಲ್ಲಿ 1968ರಿಂದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ ಇದೆ. ಆಟೋಕ್ಯಾಡ್ ಬಂದದ್ದು 1982ರಲ್ಲಿ. ಅದಕ್ಕೂ ಮೊದಲು ಟ್ರೇಸಿಂಗ್ ಕಾಗದದ ಮೇಲಿನ ಶಾಯಿಯನ್ನು ಬ್ಲೇಡಿನಿಂದ ಕೆರೆದು ತಿದ್ದುತ್ತಿದ್ದರು. ಕಾಗದದ ಮೇಲೆ ಗೆರೆ ಕೂದಲೆಳೆಯಷ್ಟು ತಪ್ಪಿದರೂ ನಡೆಯುತ್ತಿತ್ತು, ಏಕೆಂದರೆ ಫಿಟ್ಟರ್ ಓದುತ್ತಿದ್ದುದು ಪಕ್ಕದಲ್ಲಿ ಬರೆದ ಅಳತೆಯನ್ನು. ಇವತ್ತಿನ ಲೇಸರ್ ಯಂತ್ರ ಅಂಕಿ ಓದುವುದಿಲ್ಲ, ಗೆರೆಯನ್ನೇ ಓದುತ್ತದೆ. ಗೆರೆ ಎಲ್ಲಿ ನಿಂತಿತೋ ಕತ್ತರಿಸುವುದೂ ಅಲ್ಲಿಗೇ ನಿಲ್ಲುತ್ತದೆ.

ಭಾನುವಾರ ಮನೆಗೆ ಬರುವವರಿಗೆ ನಾನು ಕೊಡುವ ಅಭ್ಯಾಸ ಒಂದೇ: 600 ಅಗಲ, 400 ಎತ್ತರದ ಬಾಗಿಲು, ಅದರಲ್ಲಿ ಒಂದು ಮೀಟರ್ ಕೂರಿಸುವ ಕಿಂಡಿ. 96 ಮಿಲಿಮೀಟರ್ ಚೌಕದ ಪ್ಯಾನೆಲ್ ಮೀಟರಿಗೆ ಬೇಕಾದ ಕಿಂಡಿ 92ಕ್ಕೆ 92. ಒಂದು ಮಿಲಿಮೀಟರ್ ಕಡಿಮೆಯಾದರೆ ಮೀಟರ್ ಒಳಗೆ ಹೋಗುವುದಿಲ್ಲ.

ಬಾಗಿಲಿನ ನಾಲ್ಕು ಅಂಚುಗಳನ್ನು ಲೈನ್‌ನಿಂದಲೇ ಎಳೆಯಿರಿ. ಎಫ್8 ಒತ್ತಿದ್ದರೆ ಗೆರೆ ಸೊಟ್ಟಗಾಗದು. ಈಗ ಕಿಂಡಿಗೆ ಹೊಸ ಗೆರೆ ಎಳೆಯಬೇಡಿ. ಓ ಒತ್ತಿ ಎಂಟರ್ ಕೊಟ್ಟರೆ ಆಫ್‌ಸೆಟ್. ಎಡ ಅಂಚಿನಿಂದ 100 ದೂರಕ್ಕೆ ಒಂದು, ಅದರಿಂದ 92 ದೂರಕ್ಕೆ ಇನ್ನೊಂದು. ಹಾಗೆಯೇ ಕೆಳ ಅಂಚಿನಿಂದ 150ಕ್ಕೆ ಒಂದು, ಮತ್ತೆ 92ಕ್ಕೆ ಇನ್ನೊಂದು. ನಾಲ್ಕು ಗೆರೆಗಳು ಒಂದನ್ನೊಂದು ದಾಟಿ ನಿಲ್ಲುತ್ತವೆ. ನಡುವಿನ ಚೌಕವೇ ನಮ್ಮ ಕಿಂಡಿ.

ಮೂಲೆ ಕೂಡಿಸಲು ಎಫ್ ಒತ್ತಿ ಎಂಟರ್ ಕೊಡಿ, ಅದು ಫಿಲೆಟ್. ಮೊದಲ ಗೆರೆ ಕ್ಲಿಕ್ ಮಾಡಿ, ಶಿಫ್ಟ್ ಹಿಡಿದು ಎರಡನೆಯದನ್ನು ಕ್ಲಿಕ್ ಮಾಡಿದರೆ ಚೂಪಾದ ಮೂಲೆ ಬರುತ್ತದೆ. ಗೆರೆಗಳು ಸೇರದೆ ನಿಂತಿದ್ದರೆ ಎಳೆದು ಸೇರಿಸುತ್ತದೆ, ದಾಟಿದ್ದರೆ ಕತ್ತರಿಸುತ್ತದೆ. ಮೊದಲೇ ಎಂ ಒತ್ತಿದರೆ ನಾಲ್ಕೂ ಮೂಲೆಯನ್ನು ಒಂದೇ ಓಟದಲ್ಲಿ ಮುಗಿಸಬಹುದು.

ಹೊಸಬರು ಗಲಿಬಿಲಿಗೊಳ್ಳುವುದು ಇಲ್ಲಿಯೇ. ಟ್ರಿಮ್‌ನಲ್ಲಿ ಬೇಡವಾದ ತುಂಡನ್ನು ಕ್ಲಿಕ್ ಮಾಡಬೇಕು. ಫಿಲೆಟ್‌ನಲ್ಲಿ ಉಳಿಯಬೇಕಾದ ತುಂಡನ್ನು. ಇಷ್ಟು ನೆನಪಿದ್ದರೆ ಅರ್ಧ ಕಷ್ಟ ಕಳೆಯಿತು. ಇನ್ನೊಂದು: ಟ್ರಿಮ್ ನಡೆಯುತ್ತಿರುವಾಗ ಶಿಫ್ಟ್ ಹಿಡಿದರೆ ಅದೇ ಎಕ್ಸ್‌ಟೆಂಡ್ ಆಗಿ ಗೆರೆಯನ್ನು ಮುಂದಿನ ಗೆರೆಯವರೆಗೆ ಬೆಳೆಸುತ್ತದೆ. ಎರಡು ಆಜ್ಞೆಗಳ ನಡುವೆ ಓಡಾಡಬೇಕಿಲ್ಲ. 2021ಕ್ಕಿಂತ ಹಳೆಯ ಆಟೋಕ್ಯಾಡ್ ಆದರೆ ಟಿ, ಆರ್ ಒತ್ತಿ ಎರಡು ಸಲ ಎಂಟರ್ ಕೊಡಿ. ಆಗ ಎಲ್ಲ ಗೆರೆಗಳೂ ಕತ್ತರಿಯಂತೆ ಕೆಲಸ ಮಾಡುತ್ತವೆ.

ಇನ್ನು ಮಾಲೀಕರು ಕೇಳಿದ 50 ಮಿಲಿಮೀಟರ್. ಎಸ್ ಒತ್ತಿ ಎಂಟರ್ ಕೊಟ್ಟರೆ ಸ್ಟ್ರೆಚ್. ಮೌಸನ್ನು ಬಲದಿಂದ ಎಡಕ್ಕೆ ಎಳೆದು ಮೇಲಂಚನ್ನೂ ಪಕ್ಕದ ಗೆರೆಗಳ ಮೇಲ್ತುದಿಯನ್ನೂ ಹಸಿರು ಚೌಕಟ್ಟಿನೊಳಗೆ ತನ್ನಿ. ಕಿಂಡಿ ಹೊರಗೇ ಇರಲಿ. ಎಂಟರ್ ಕೊಟ್ಟು, ಒಂದು ಕಡೆ ಕ್ಲಿಕ್ ಮಾಡಿ, ಮೌಸನ್ನು ಮೇಲಕ್ಕೆ ತೋರಿಸಿ 50 ಎಂದು ಒತ್ತಿ. ಚೌಕಟ್ಟಿನೊಳಗಿನ ತುದಿಗಳು ಮಾತ್ರ ಏರುತ್ತವೆ, ಬಾಗಿಲು 450 ಆಗುತ್ತದೆ, ಕಿಂಡಿ ಕದಲುವುದಿಲ್ಲ.

ಫೈಲನ್ನು ಲೇಸರಿನವರಿಗೆ ಕಳಿಸುವ ಮುನ್ನ ಎರಡು ಕೆಲಸ ಬಾಕಿ. ಒಂದು, ಓವರ್‌ಕಿಲ್. ಒಂದರ ಮೇಲೊಂದು ಕುಳಿತ ಜೋಡಿ ಗೆರೆ ಕಣ್ಣಿಗೆ ಕಾಣದು, ಆದರೆ ಯಂತ್ರ ಅದೇ ದಾರಿಯಲ್ಲಿ ಎರಡನೇ ಸಲ ಓಡಬಹುದು. ತಗಡಿನ ಅಂಚು ಸುಡುತ್ತದೆ. ಈ ಆಜ್ಞೆ ಜೋಡಿಯನ್ನು ಅಳಿಸಿ ಒಂದನ್ನೇ ಉಳಿಸುತ್ತದೆ. ಇನ್ನೊಂದು, ಜಾಯಿನ್. ಜೆ ಒತ್ತಿ ಕಿಂಡಿಯ ನಾಲ್ಕು ಗೆರೆಗಳನ್ನು ಆರಿಸಿದರೆ ಒಂದೇ ಪಾಲಿಲೈನ್ ಆಗುತ್ತದೆ. ಪ್ರಾಪರ್ಟೀಸ್‌ನಲ್ಲಿ ಕ್ಲೋಸ್ಡ್ ಎಂಬಲ್ಲಿ ಯೆಸ್, ಉದ್ದ 368, ವಿಸ್ತೀರ್ಣ 8464 ಬಂದರೆ ಕಿಂಡಿ ಸರಿಯಾಗಿದೆ. ಯೆಸ್ ಬದಲು ನೋ ಬಂದರೆ ಯಾವುದೋ ಮೂಲೆಯಲ್ಲಿ ಸಂದು ಉಳಿದಿದೆ; ಅಲ್ಲಿಗೆ ಮತ್ತೆ ಫಿಲೆಟ್.

ಇಷ್ಟಕ್ಕೆ ಬೇಕಾದದ್ದು ಆರೇಳು ಆಜ್ಞೆಗಳು. ಇದೇ ಬಾಗಿಲನ್ನು ದಿನಕ್ಕೊಂದು ಅಳತೆಗೆ ತಿದ್ದುತ್ತಾ ಹೋಗಿ, ಎಡಗೈ ಕೀಲಿಮಣೆ ಬಿಡಬಾರದು, ಅಳಿಸುವ ಗುಂಡಿಯ ಕಡೆ ಹೋಗಲೂಬಾರದು. ತೆಲುಗು ಇನ್ನೂ ಸರಿಯಾಗಿ ಬಾರದವರು ಸಂದರ್ಶನದಲ್ಲಿ ತಡವರಿಸುವುದು ಸಹಜ. ಪರದೆಯ ಮೇಲೆ ಬಾಗಿಲು ಸರಿಯಾಗಿ 450ಕ್ಕೆ ಏರಿದರೆ, ಆ ಕುರ್ಚಿಯಿಂದ ಎದ್ದೇಳಿ ಎಂದು ಹೇಳುವವರು ಕಡಿಮೆ.